ಬೇರುಹೂವಿಗೆ ಮಂಟಯ್ಯನ ಹೆಸರು

ಹಿತ್ತಲ ಗಿಡ ಮದ್ದಲ್ಲ, ಕಾಡಿನ ಗಿಡ ಗಿಡವೇ ಅಲ್ಲ. ಗಾದೆಯನ್ನು ನಾನು ಕೆಡಿಸಿದ್ದು ನಿಜ. ಕಥೆಯಲ್ಲಿ ಮಾತ್ರ ಸುಳ್ಳಿಲ್ಲ, ಗೋವಿಂದಯ್ಯ ಅಂಟಿಸಿದ್ದೊಂದನ್ನು ಬಿಟ್ಟು.

"ಇನ್ನೊಂದ್ಸಲ ಓದಿ ಬುದ್ಧೀ," ಎಂದ ಮಂಟಯ್ಯ. ವೀರನಹೊಸಹಳ್ಳಿಯ ಕಾಡುಬಂಗಲೆಯ ಜಗಲಿಯಲ್ಲಿ ಕೂತು, ಮೇಷ್ಟ್ರು ಬರೆದ ಚೀಟಿಯನ್ನು ಎರಡೂ ಕೈಯಲ್ಲಿ ತಲೆಕೆಳಗಾಗಿ ಹಿಡಿದಿದ್ದ.

ಮೈಸೂರಿನಲ್ಲಿ ಸಸ್ಯಶಾಸ್ತ್ರ ಹೇಳುವ ಮೇಷ್ಟ್ರು ಬಾಗಿ ಮೂರನೆಯ ಸಲ ಓದಿದರು: ಎಲೆಯಿಲ್ಲ, ಹಸಿರಿಲ್ಲ; ಮರದ ಬೇರು ಹೀರಿ ಹೂ ಬಿಡುವ ಪರಾವಲಂಬಿ, ಬೇರುಹೂ. ಹೊಸ ಜಾತಿ. ಹೆಸರು, ಮಂಟಯ್ಯನದು.

"ನಾಳೆ ಹೂವಿನ ಜೊತೆ ಈ ಚೀಟಿ ಟಪಾಲಿನಲ್ಲಿ ಲಂಡನ್ನಿಗೆ ಹೋಗುತ್ತೆ ಕಣಯ್ಯ. ನೀನು ಇಪ್ಪತ್ತು ವರ್ಷ ನನಗೆ ಗಿಡ ತೋರಿಸಿದೆ. ಗಿಡ ಒಣಗಿಸಿ ಅಂಟಿಸಿದ ನನ್ನ ಹಾಳೆಗಳಲ್ಲೆಲ್ಲ ನಾನು 'ಸ್ಥಳೀಯ ಆಳು' ಅಂತಲೇ ಬರೆದೆ. ಇದರಲ್ಲಾದರೂ ನಿನ್ನ ಹೆಸರಿರಲಿ."

"ಕೇಳ್ದಾ ಕೆಂಪಾಜೀ? ನಾ ಲಂಡನ್ಗೆ ಓಯ್ತೀನಂತೆ!"

"ಓಗು. ಬರುವಾಗ ಉಪ್ಪು ತಗಬಾ," ಎಂದಳು ಹೆಂಡತಿ ಕೆಂಪಾಜಮ್ಮ. ಮೇಷ್ಟ್ರಿಗೆಂದು ತಂದ ಜೇನನ್ನು ಅವರ ಶಿಷ್ಯ ಗೋವಿಂದಯ್ಯನ ಎಲೆಗೂ ಸುರಿದಳು.

ಅವನು ಎಲೆಯನ್ನು ಪಕ್ಕಕ್ಕೆ ಸರಿಸಿದ. ಎರಡು ಬಗೆಯ ಬೇರುಹೂ ಕಿತ್ತು, ಒಂದರ ತಲೆಯನ್ನು ಇನ್ನೊಂದರ ಬುಡಕ್ಕೆ ಹಲಸಿನ ಮೇಣದಿಂದ ಕೂಡಿಸಿ, ಕಾಲುದಾರಿಯ ಪಕ್ಕ ನೆಟ್ಟವನು ಅವನೇ. ಮೇಷ್ಟ್ರು ಬೆಪ್ಪಾದದ್ದನ್ನು ಹಾಸ್ಟೆಲಿನಲ್ಲಿ ಅವರದೇ ದನಿಯಲ್ಲಿ ಆಡಿ ತೋರಿಸುವ ಹುನ್ನಾರ. ಮಂಟಯ್ಯ ಮೊದಲು ಕಾಣುವುದು, ಹೆಸರು ಅವನದಾಗುವುದು ಆ ನಾಟಕದಲ್ಲಿರಲಿಲ್ಲ. ಒಂದೇ ಒಂದು ಸಿಕ್ಕಿದೆಯೆಂದು ಮೇಷ್ಟ್ರು ಅದನ್ನು ಕೊಯ್ದೂ ನೋಡಿರಲಿಲ್ಲ.

"ಸಾರ್," ಎಂದ ಗೋವಿಂದಯ್ಯ. ಊರವರ ದನಿಯನ್ನೆಲ್ಲ ಕದಿಯುತ್ತಿದ್ದವನಿಗೆ ಈಗ ಉಳಿದದ್ದು ತನ್ನ ದನಿಯೊಂದೇ. "ಅದನ್ನ ಬಿಸಿನೀರಿಗೆ ಹಾಕಿ."

ಹಾಕಿದರು. ಮೇಣ ಸಡಿಲಿತು. ತಲೆ ಒಂದು ಕಡೆ, ಬುಡ ಒಂದು ಕಡೆ ಬಟ್ಟಲಲ್ಲಿ ತೇಲಿದವು. ಮೇಷ್ಟ್ರು ಕನ್ನಡಕ ತೆಗೆದರು.

"ನಾನೇ ಮಾಡಿದ್ದು ಸಾರ್. ತಪ್ಪಾಯ್ತು ಮಂಟಯ್ಯ."

ಮಂಟಯ್ಯ ಬಟ್ಟಲನ್ನೇ ನೋಡಿದ.

"ಅಯ್ಯೋ ಚಿಕ್ಬುದ್ಧೀ! ನಾನೂ ಕಾಡೆಲ್ಲಾ ತಿರುಗಿವ್ನಿ, ಹೂವ್ಗೆ ತಲೆ ಅಂಟ್ಸೋರ್ನ ಇವತ್ತೇ ಕಂಡಿದ್ದು ಕಣ್ರೀ!" ನಕ್ಕ. "ಲಂಡನ್ನು ಬಿಸ್ನೀರಲ್ಲೇ ಮುಳುಗೋಯ್ತಲ್ಲಮ್ಮೀ!"

ಕೆಂಪಾಜಮ್ಮ ನಕ್ಕಳು. ಮೇಷ್ಟ್ರೂ ನಕ್ಕರು. ಗೋವಿಂದಯ್ಯ ಮಾತ್ರ ತಲೆ ಎತ್ತಲಿಲ್ಲ.

ಹರಿದುಬಿಡೋಣವೆಂದು ಮೇಷ್ಟ್ರು ಚೀಟಿಗೆ ಕೈ ಚಾಚಿದರು. ಮಂಟಯ್ಯ ಕೊಡಲಿಲ್ಲ. ಎಲ್ಲರಿಗಿಂತ ಜೋರಾಗಿ ನಗುತ್ತಲೇ ಅದನ್ನು ನಾಲ್ಕು ಮಡಿಕೆ ಮಾಡಿ, ರುಮಾಲಿನೊಳಗೆ ಸಿಕ್ಕಿಸಿಕೊಂಡ.