ಔಸಮೆಕ್ವಿನ್‌ಗೆ ಕೊಟ್ಟ ಗಂಜಿ

ವಿನ್ಸ್ಲೋ ಗಂಜಿ ಕೊಟ್ಟದ್ದು ಪ್ರೀತಿಯಿಂದಲೋ ಲಾಭಕ್ಕೋ ಎಂಬಲ್ಲಿಗೆ ಬಂದು ಅಖ್ತರ್‌ನ ಪೆನ್ನು ಮೂರು ದಿನದಿಂದ ನಿಂತುಬಿಟ್ಟಿತ್ತು.

ಐವತ್ತೆರಡರ ಅಖ್ತರ್ ಹಗಲು ಐರ್ಲೆಂಡಿನ ಅತ್ಲೋನ್‌ನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ನಿಂತು ನಿಂತು ಮೊಣಕಾಲು ಸೋತಿದ್ದವು. ಆದರೂ ಮಂಗಳವಾರ ಸಂಜೆ ಇತಿಹಾಸದ ತರಗತಿಗೆ ಹೋಗುತ್ತಿದ್ದ. ದಾವಣಗೆರೆಯಲ್ಲಿ ಅರ್ಧಕ್ಕೆ ಬಿಟ್ಟ ಓದು ಅವನನ್ನು ಇಲ್ಲಿಯವರೆಗೂ ಹಿಂಬಾಲಿಸಿಕೊಂಡು ಬಂದಿತ್ತು. ತರಗತಿಯಲ್ಲಿ ಪ್ರತಿಯೊಬ್ಬರೂ ಹತ್ತು ನಿಮಿಷ ಮಾತಾಡಬೇಕು. ಅವನ ಪಾಲಿಗೆ ಬಂದದ್ದು ಅಮೆರಿಕದ ವಾಂಪನೋಗ್ ಜನರ ನಾಯಕ ಔಸಮೆಕ್ವಿನ್.

ನಾನೂರು ವರ್ಷದ ಹಿಂದೆ ಇಂಗ್ಲಿಷರು ಹಡಗಿನಲ್ಲಿ ಬಂದು ಅವನ ನೆಲದ ಅಂಚಿನಲ್ಲಿ ಇಳಿದರು. ಹಸಿವು, ಚಳಿಗೆ ಅವರಲ್ಲಿ ಅರ್ಧ ಜನ ಸತ್ತರು. ಆಗಷ್ಟೇ ಬಂದುಹೋದ ರೋಗದಲ್ಲಿ ಔಸಮೆಕ್ವಿನ್‌ನ ಜನರೂ ಊರಿಗೆ ಊರೇ ಅಳಿದಿದ್ದರು. ಎರಡೂ ಕಡೆಯವರು ಸೋತಿದ್ದ ಹೊತ್ತಿನಲ್ಲಿ ಒಪ್ಪಂದವಾಯಿತು. ಎರಡು ವರ್ಷದ ಮೇಲೆ ಔಸಮೆಕ್ವಿನ್ ಸಾಯುವ ಹಾಗೆ ಮಲಗಿದಾಗ ವಿನ್ಸ್ಲೋ ಎಂಬ ಇಂಗ್ಲಿಷರವನು ಕಾಡುದಾರಿ ನಡೆದುಹೋಗಿ, ಅವನ ನಾಲಗೆ ಕೆರೆದು ಶುಚಿ ಮಾಡಿ, ಮೆಕ್ಕೆಜೋಳದ ಗಂಜಿ ಕಾಯಿಸಿ ಕುಡಿಸಿದ. ಎದ್ದು ಕೂತ ನಾಯಕ, ಇವರು ನನ್ನ ಗೆಳೆಯರು ಎಂದ. ಅವರ ಮೇಲೆ ನಡೆಯಲಿದ್ದ ಒಂದು ಸಂಚನ್ನೂ ಮುಂಚೆಯೇ ತಿಳಿಸಿದ. ಬದುಕಿರುವವರೆಗೆ ಮಾತು ಉಳಿಸಿಕೊಂಡ. ಅವನು ಸತ್ತ ಮೇಲೆ ಅವನ ಮಗನ ಕಾಲಕ್ಕೆ ಯುದ್ಧವಾಗಿ, ಇಂಗ್ಲಿಷರು ಆ ಮಗನ ತಲೆಯನ್ನು ಕಂಬಕ್ಕೆ ಏರಿಸಿದರು.

ಇದನ್ನು ಓದುವಾಗಲೆಲ್ಲ ಅಖ್ತರ್‌ಗೆ ಡೋನಲ್ ನೆನಪಾಗುತ್ತಿದ್ದ.

ಡೋನಲ್ ಅಖ್ತರ್‌ನ ಬಡಾವಣೆಯ ಸಮುದಾಯ ಭವನದ ಕಾರ್ಯದರ್ಶಿ, ಎಪ್ಪತ್ತೆಂಟರ ಒಂಟಿ ಜೀವ. ಎಂಟು ವರ್ಷದ ಹಿಂದೆ, ಶುಕ್ರವಾರದ ನಮಾಜಿಗೆ ಜಾಗವಿಲ್ಲದೆ ಕಾರ್ ಪಾರ್ಕಿನಲ್ಲಿ ಚಾಪೆ ಹಾಸಿದ್ದ ಅಖ್ತರ್ ಮತ್ತು ಜೊತೆಯವರನ್ನು ನೋಡಿ, 'ಮಳೆ ಬರ್ತದೆ, ಒಳಗೆ ಬನ್ನಿ' ಎಂದು ಕೀಲಿ ಕೊಟ್ಟಿದ್ದ. ಒಂದು ಕಾಗದವೂ ಇಲ್ಲ. ಕೈ ಕುಲುಕಿದ್ದೇ ಕರಾರು. ಈಗ ಸಮಿತಿಯಲ್ಲಿ ಹೊಸಬರು ಬಂದಿದ್ದರು. ಶುಕ್ರವಾರ ಮಧ್ಯಾಹ್ನಕ್ಕೆ ವ್ಯಾಯಾಮದ ತರಗತಿಯವರು ಭವನ ಕೇಳಿದ್ದರು. ಇವರು ಭವನವನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಡೋನಲ್ ಬರೆದುಕೊಟ್ಟರೆ ಜಾಗ ಉಳಿದೀತು ಎಂದು ನಮಾಜಿನವರೆಲ್ಲ ನಂಬಿದ್ದರು. ಗುರುವಾರದೊಳಗೆ ಪತ್ರ ಸಮಿತಿಗೆ ತಲುಪಬೇಕಿತ್ತು.

ಡೋನಲ್ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ, ಮನೆಗೆ ಬಂದು ಹದಿನೈದು ದಿನವಾಗಿತ್ತು. ಅಖ್ತರ್ ಹೋಗಿ ನೋಡಿರಲಿಲ್ಲ.

"ಬೀಮಾರ್ ಆದವರನ್ನ ನೋಡೋಕೆ ಹೋಗೋಕೂ ಮುಹೂರ್ತ ಬೇಕೇನ್ರೀ?" ಹೆಂಡತಿ ಬದರುನ್ನೀಸಾ ಅಡುಗೆಮನೆಯಿಂದಲೇ ಕೇಳಿದಳು. "ಈದ್ ಬಿರಿಯಾನಿ ಅಂದ್ರೆ ಆ ಮನುಷ್ಯನ ಮನೆಗೆ ಓಡ್ತಿದ್ರಿ."

"ಆವಾಗ ಅವರಿಂದ ನಮಗೇನೂ ಆಗ್ಬೇಕಿರ್ಲಿಲ್ಲ. ಈಗ ಹೋದ್ರೆ ಸೈನ್‌ಗೋಸ್ಕರ ಬಂದ ಅಂದ್ಕೊಳ್ಳಲ್ವಾ?"

"ಅಂದ್ಕೊಂಡ್ರೆ ಅಂದ್ಕೊಳ್ಳಲಿ. ಹೊಟ್ಟೆಗೆ ಹೋಗೋದು ಗಂಜಿ, ನಿಮ್ಮ ಮನಸಿನ ನಿಯ್ಯತ್ತಲ್ಲ."

ಅಖ್ತರ್ ಮತ್ತೆ ಪೆನ್ನು ಕೈಗೆತ್ತಿಕೊಂಡ. ಮೊದಲ ವಾರ ಪಾಳಿಯ ನೆಪವಿತ್ತು. ಎರಡನೆಯ ವಾರ ಸಮಿತಿಯ ಕಾಗದ ಬಂದು, ಅವನು ಹೋಗಬಹುದಾಗಿದ್ದ ಬಾಗಿಲನ್ನೇ ಮುಚ್ಚಿದಂತಾಯಿತು. ಹೋದರೆ ಬೇಡಿದ ಹಾಗೆ. ಹೋಗದಿದ್ದರೆ ಕಾಯಿಲೆಯವನನ್ನು ಮರೆತ ಹಾಗೆ.

ಭಾನುವಾರ ಮಧ್ಯಾಹ್ನ ಬದರುನ್ನೀಸಾ ಕೇಳದೆಯೇ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ತುಂಬಿ ಬಾಗಿಲಲ್ಲಿ ಇಟ್ಟಳು: ಕೋಳಿ ಹಾಕಿದ ಮೆತ್ತನೆ ಗಂಜಿ, ಪುದೀನ ಚಟ್ನಿ, ಸಬ್ಬಕ್ಕಿ ಪಾಯಸ. ಹೊರಗೆ ನಮಾಜಿನ ಜೊತೆಯ ಹುಡುಗ ಒವೈಸ್ ಕಾರು ತಂದು ನಿಲ್ಲಿಸಿದ್ದ. ಸಾಫ್ಟ್‌ವೇರ್ ಕಂಪನಿಯ ಇಪ್ಪತ್ತೇಳರ ಒವೈಸ್‌ಗೆ ಈ ಕೈಕುಲುಕಿನ ವ್ಯವಹಾರವೇ ಹಿಡಿಸದು.

"ಲೆಟರ್ ಟೈಪ್ ಮಾಡಿದೀನಿ ಚಾಚಾ. ಸೈನ್ ಒಂದೇ ಬಾಕಿ." ಅಖ್ತರ್ ಹಿಡಿದಿದ್ದ ಬ್ಯಾಗಿನಲ್ಲಿ ಕ್ಯಾರಿಯರ್ ಪಕ್ಕಕ್ಕೆ ಕವರ್ ತುರುಕಿದ. "ಎಂಟು ವರ್ಷ ನೀವು ಇಲ್ಲಿಯವರ ಥರ ಎಲ್ಲದಕ್ಕೂ ಗ್ರ್ಯಾಂಡ್, ಸರಿ ಸರಿ ಅಂದ್ರಿ. ಅವತ್ತೇ ಒಂದು ಕಾಗದ ಮಾಡಿಸ್ಕೊಂಡಿದ್ರೆ?"

"ಮಳೆ ಬರ್ತಿತ್ತು ಮಾರಾಯ. ಒಳಗೆ ಕರೆದವನ ಹತ್ರ ಯಾವನು ಕಾಗದ ಕೇಳ್ತಾನೆ?"

"ನಿಮ್ಮ ಆ ರೆಡ್ ಇಂಡಿಯನ್ ರಾಜಾನೂ ಹಿಂಗೇ ಅಂದಿರ್ತಾನೆ."

"ಹಂಗೆ ಕರೀಬಾರ್ದು ಅವರನ್ನ. ಮತ್ತೆ ಅವನು ನಾನಲ್ಲ, ಡೋನಲ್. ಬಂದವರು ನಾವು."

ಒವೈಸ್ ಅವನ ಮುಖ ನೋಡಿ ನಕ್ಕ. "ಹಂಗಾದ್ರೆ ಗಂಜಿ ಕುಡಿಸಿ, ಕೆಲಸ ಮುಗಿಸ್ಕೊಂಡು ಬನ್ನಿ."

ಡೋನಲ್ ಬಾಗಿಲು ತೆಗೆಯಲು ಬಹಳ ಹೊತ್ತು ಹಿಡಿಯಿತು. ಸ್ವೆಟರ್ ಮೈಮೇಲೆ ಜೋತುಬಿದ್ದಿತ್ತು. ಅಖ್ತರ್‌ನನ್ನು ಕಂಡು ದಾರಿ ಬಿಟ್ಟು ಒಳಗೆ ನಡೆದ. ಅಡುಗೆಮನೆಯ ಮೇಜಿನ ಮೇಲೆ ತಣ್ಣಗಾದ ಟೋಸ್ಟ್ ಇತ್ತು. ಅಖ್ತರ್ ಕೇಳದೆ ಬಟ್ಟಲು ಹುಡುಕಿ, ಗಂಜಿ ಬಿಸಿಮಾಡಿ ಬಡಿಸಿದ. ಡೋನಲ್‌ನ ಕೈ ನಡುಗಿ ಚಮಚೆ ಬಟ್ಟಲಿಗೆ ಬಡಿಯುತ್ತಿತ್ತು. ಹಿಡಿದು ತಿನ್ನಿಸಲೇ ಎಂದು ಅನ್ನಿಸಿತು. ಧೈರ್ಯ ಬರಲಿಲ್ಲ. ಬಟ್ಟಲನ್ನು ಮಾತ್ರ ಅವನ ಎದೆಯ ಹತ್ತಿರ ಎತ್ತಿ ಹಿಡಿದುಕೊಂಡ.

ಅರ್ಧ ಬಟ್ಟಲು ಮುಗಿದ ಮೇಲೆ ಡೋನಲ್ ಹೇಳಿದ: "ನೀವು ಇನ್ನು ಬರಲ್ಲ ಅಂದ್ಕೊಂಡಿದ್ದೆ."

"ಪಾಳಿ ಇತ್ತು..."

"ನನಗೆ ಬೇಜಾರಿಲ್ಲ, ಅಖ್ತರ್. ಆಸ್ಪತ್ರೆಯಲ್ಲಿರುವಾಗಲೇ ನನ್ನನ್ನ ಸಮಿತಿಯಿಂದ ಬಿಡಿಸಿದ್ರು. ಸುದ್ದಿ ನಿಮಗೂ ಮುಟ್ಟಿರುತ್ತೆ ಅಂದ್ಕೊಂಡೆ. ಕೀಲಿ ಇಲ್ಲದ ಮುದುಕನನ್ನ ಯಾರು ನೋಡ್ತಾರೆ? ನ್ಯಾಯವೇ ಅದು."

ಅಖ್ತರ್ ಬಟ್ಟಲನ್ನು ಮೇಜಿನ ಮೇಲಿಟ್ಟ. ಲಾಭಕ್ಕೆ ಬಂದ ಅನ್ನಿಸಿಕೊಳ್ಳಬಾರದೆಂದು ಅವನು ಹದಿನೈದು ದಿನ ದೂರ ನಿಂತಿದ್ದ. ಅಷ್ಟೂ ದಿನ ಈ ಮುದುಕ ಇದೇ ಕುರ್ಚಿಯಲ್ಲಿ ಕೂತು, ಲಾಭ ಮುಗಿಯಿತು ಅಂತ ಬಿಟ್ಟರು ಎಂದುಕೊಂಡಿದ್ದ.

"ನಂಗೆ ಗೊತ್ತಿರ್ಲಿಲ್ಲ" ಎಂದ. ಅದು ನಿಜ. ಆದರೆ ಹೇಳಿದಾಗ ಸುಳ್ಳಿನ ಹಾಗೆ ಕೇಳಿಸಿತು.

ಡೋನಲ್ ಬ್ಯಾಗಿನತ್ತ ನೋಡಿದ. ಕವರಿನ ಬಿಳಿ ಮೂಲೆ ಹೊರಗೆ ಇಣುಕುತ್ತಿತ್ತು. "ಅದೇನು? ಸಹಿ ಬೇಕಿತ್ತಾ? ಹಾಕ್ತೀನಿ. ನನ್ನ ಹೆಸರಿಗೆ ಈಗ ಬೆಲೆ ಇಲ್ಲ, ಅಷ್ಟೇ."

ಮೊದಲಿನ ಬೆಲೆ ಇಲ್ಲದಿದ್ದರೂ ಆ ಸಹಿಗೆ ಕೊಂಚ ಬೆಲೆ ಇದ್ದೀತು ಎಂದು ಅಖ್ತರ್‌ಗೆ ಗೊತ್ತಿತ್ತು. ಹೊರಗೆ ಒವೈಸ್ ಕಾಯುತ್ತಿದ್ದ. ಶುಕ್ರವಾರ ನಲವತ್ತು ಜನ ಕಾಯುತ್ತಾರೆ. ಅವನು ಕವರನ್ನು ಬ್ಯಾಗಿನ ತಳಕ್ಕೆ ಒತ್ತಿದ.

"ಕ್ಲಾಸಿನ ನೋಟ್ಸು" ಎಂದ. "ಪಾಯಸ ಐತೆ. ಒಂದೆರಡು ಚಮಚೆ ತಿನ್ನಿ."

ಡೋನಲ್ ತಿಂದ. ಕಣ್ಣು ಮುಚ್ಚಿ, ಕುರ್ಚಿಯಲ್ಲೇ ತೂಕಡಿಸಿದ. ಅಖ್ತರ್ ಬಟ್ಟಲು ತೊಳೆದು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡ.

"ಹಾಕಿದ್ರಾ?" ಒವೈಸ್ ಕೇಳಿದ.

"ಇಲ್ಲ."

"ಆಗಲ್ಲ ಅಂದ್ರಾ?"

"ನಾನು ಕೇಳ್ಲಿಲ್ಲ."

ಒವೈಸ್ ಸ್ಟಿಯರಿಂಗಿಗೆ ಹಣೆ ಆನಿಸಿದ. "ಚಾಚಾ, ಶುಕ್ರವಾರ ಎಲ್ಲಿಗೆ ಹೋಗೋದು ನಾವು?"

"ಕಾರ್ ಪಾರ್ಕ್ ಐತಲ್ಲ." ಅಖ್ತರ್ ಸೀಟಿಗೆ ಒರಗಿ ಮೊಣಕಾಲು ಒತ್ತಿಕೊಂಡ. "ಜನಕ್ಕೆ ನಾನೇ ಹೇಳ್ತೀನಿ. ಬೈದ್ರೆ ನನ್ನ ಬೈಯಲಿ. ಶುಕ್ರವಾರ ಆದ್ಮೇಲೆ ನನ್ನ ಮತ್ತೆ ಇಲ್ಲಿಗೆ ಬಿಡು, ಕ್ಯಾರಿಯರ್ ಅಲ್ಲೇ ಉಳೀತು."

"ಶುಕ್ರವಾರಕ್ಕೆ ಲೆಟರ್ ಡೇಟೇ ಮುಗಿದಿರತ್ತೆ!"

"ಅದಕ್ಕೇ."

ಒವೈಸ್ ಏನೋ ಗೊಣಗಿ ಕಾರು ಶುರುಮಾಡಿದ. ಹನಿ ಮಳೆ ಬರುತ್ತಿತ್ತು.