ಗೊಣಗಮ್ಮನ ಕೂಲಿ

ಕರಡಿಗೆ ಆ ಬುದ್ಧಿ ಕಲಿಸಿದವಳು ತಾನೇ ಎಂದು ಕರಡಿಯಕ್ಕ ಅಂದಿನ ಮಧ್ಯಾಹ್ನದವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಮೃಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅವಳು ನೋಡಿಕೊಳ್ಳುತ್ತಿದ್ದ ಕರಡಿಯ ಹೆಸರು ಗೊಣಗಮ್ಮ. ಎದ್ದರೂ ಗೊಣಗು, ಮಲಗಿದರೂ ಗೊಣಗು, ಹೊಟ್ಟೆ ತುಂಬಿದ ಮೇಲೆ ಇನ್ನಷ್ಟು ಗೊಣಗು. ನೋಡಲು ಬಂದವರ ಟೋಪಿಯೋ ಕನ್ನಡಕವೋ ಆವರಣದೊಳಗೆ ಬೀಳದ ದಿನವಿರಲಿಲ್ಲ. ನಿಯಮದಂತೆ ಅದನ್ನು ತೆಗೆಯಬೇಕೆಂದರೆ ಗೊಣಗಮ್ಮನನ್ನು ಒಳಗೂಡಿಗೆ ಕರೆದು, ಕಂಬಿಯ ಜಾರುಬಾಗಿಲು ಇಳಿಸಿ, ಎರಡು ಬೀಗ ಹಾಕಿ, ಇಬ್ಬರು ಒಟ್ಟಿಗೆ ಆವರಣಕ್ಕೆ ಇಳಿಯಬೇಕು. ಮಹಾರಾಣಿಗೆ ಒಳಗೆ ಬರುವ ಮನಸ್ಸಿಲ್ಲದಿದ್ದರೆ ಅರ್ಧ ದಿನ ಅದಕ್ಕೇ ಹೋಯಿತು. ಹಾಗಾಗಿ ಕರಡಿಯಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ಬಿದ್ದದ್ದನ್ನು ಗೊಣಗಮ್ಮನೇ ಬಾಯಲ್ಲಿ ಕಚ್ಚಿ ತಂದು, ಜಾರುಬಾಗಿಲಿನ ಬುಡದಲ್ಲಿದ್ದ ತಟ್ಟೆ ತಳ್ಳುವ ಕಿಂಡಿಯಲ್ಲಿ ತೂರಿಸಬೇಕು. ಖಾಲಿ ಒಳಗೂಡಿನಲ್ಲಿ ನಿಂತ ಕರಡಿಯಕ್ಕ ಅದನ್ನು ತೆಗೆದುಕೊಂಡು ಒಂದು ಬೇಯಿಸಿದ ಮೊಟ್ಟೆ ಕೊಡಬೇಕು. ಹೀಗೆ ಕರಡಿಗೂ ಅವಳಿಗೂ ವ್ಯಾಪಾರ ಕುದುರಿತ್ತು.

"ಕರಡಿಗೂ ಕೂಲಿ ಕೊಡೋಕೆ ಶುರು ಮಾಡಿದ್ಯಾ? ನಾಳೆ ಅದು ಸಂಬಳ ಸಾಲಲ್ಲ ಅಂತ ಧರಣಿ ಕೂತ್ಕೊಳ್ಳುತ್ತೆ ನೋಡು," ಎಂದು ಭಾವ ಛೇಡಿಸಿದ್ದ. ಅವಳ ಅಕ್ಕನ ಗಂಡನಾದ ಆತ ಅಲ್ಲಿನ ಕಾವಲುಗಾರರ ಮುಖ್ಯಸ್ಥ. ಬಂದೂಕಿನ ಕೋಣೆಯ ಬೀಗದ ಕೈ ಸದಾ ಅವನ ಸೊಂಟದಲ್ಲಿರುತ್ತಿತ್ತು. ಅವಳಿಗೆ ಈ ಕೆಲಸ ಕೊಡಿಸಿದವನೂ ಅವನೇ. ಮೇಲ್ವಿಚಾರಕರಿಗೆ ಮಾತ್ರ ಈ ಆಟ ಬಹಳ ಹಿಡಿಸಿತ್ತು. ಅತಿಥಿಗಳು ಬಂದರೆ ಮೊದಲು ಇಲ್ಲಿಗೇ ಕರೆತಂದು, ತಮ್ಮ ಟೋಪಿಯನ್ನು ಬೇಕೆಂದೇ ಒಳಗೆ ಬೀಳಿಸಿ, "ಈಗ ನೋಡ್ತಾ ಇರಿ" ಎನ್ನುತ್ತಿದ್ದರು.

ಆ ಮಧ್ಯಾಹ್ನ ಬಿದ್ದದ್ದು ಒಂದು ಪುಟ್ಟ ಕೆಂಪು ಶೂ.

ಆವರಣದ ಸುತ್ತಲಿನ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದ ಹುಡುಗಿಯದು. ನಾಲ್ಕೋ ಐದೋ ವರ್ಷವಿರಬಹುದು. ಪಕ್ಕದಲ್ಲಿ ತಾಯಿ, ತಾಯಿಯ ಹೆಗಲ ಮೇಲೆ ಅಳುವ ಕೂಸು. ಮಕ್ಕಳನ್ನು ಕೂರಿಸಬಾರದ ಜಾಗ ಅದು. ಹಾಗೆಂದು ಫಲಕವೂ ಇತ್ತು. ಇಳಿಸಿ ಎನ್ನಲು ಕರಡಿಯಕ್ಕ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಹುಡುಗಿಯ ತುಟಿ ನಡುಗತೊಡಗಿದ್ದು ಕಂಡು ಅವಳ ಬಾಯಿಂದ ಬೇರೆಯೇ ಮಾತು ಬಂತು.

"ಅಳಬೇಡ ಮರಿ. ನಮ್ಮ ಗೊಣಗಮ್ಮ ತಂದ್ಕೊಡ್ತಾಳೆ."

"ಕರಡೀನಾ?"

"ಹೂಂ, ಕರಡೀನೇ. ಟೋಪಿ ತರ್ತಾಳೆ, ಚೀಲ ತರ್ತಾಳೆ. ನಿನ್ನ ಶೂ ಯಾವ ಲೆಕ್ಕ ಅವಳಿಗೆ?"

"ಬೇಗ ಆಗುತ್ತಾ ಅಕ್ಕ? ಇವನಿಗೆ ಹಾಲಿನ ಹೊತ್ತಾಯ್ತು," ಎಂದಳು ತಾಯಿ.

"ಹೋದೆ, ಬಂದೆ ಅಂದ್ಕೊಳ್ಳಿ. ನೀವು ಮಾತ್ರ ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ."

ಡಬ್ಬದಲ್ಲಿ ಮೊಟ್ಟೆ ಮುಗಿದಿತ್ತು. ಪ್ರಾಣಿಗಳ ಅಡುಗೆಮನೆ ಹಕ್ಕಿಗಳ ಮನೆಯ ಆಚೆಗಿತ್ತು. ಅಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದ ಹೆಂಗಸು ತನ್ನ ಸೊಸೆಯ ಪುರಾಣ ತೆಗೆದಳು. ಕರಡಿಯಕ್ಕ ಬಾಗಿಲಿಗೆ ಒರಗಿ ಹೂಂಗುಟ್ಟಿದಳು. ಆಮೇಲೆ ಎಷ್ಟೋ ಸಲ ಆ ಹೂಂಗುಟ್ಟಿದ ಹೊತ್ತು ಅವಳನ್ನು ಮುಳ್ಳಿನಂತೆ ಚುಚ್ಚಿತು.

ಮೃಗಾಲಯದಲ್ಲಿ ಜನ ಕಿರುಚುವುದು ಹೊಸದಲ್ಲ. ಖುಷಿಗೆ ಕಿರುಚಿದರೆ ಕೊನೆಯಲ್ಲಿ ನಗು ಇರುತ್ತದೆ. ಈ ಕೂಗಿನ ಹಿಂದೆ ನಗು ಬರಲಿಲ್ಲ. ಅವಳು ಮೊಟ್ಟೆ ತುಂಬಿಸಿಕೊಂಡ ಡಬ್ಬ ಅವುಚಿಕೊಂಡು ಓಡಿದಳು.

ಒಳಗೂಡಿಗೆ ನುಗ್ಗಿ ಜಾರುಬಾಗಿಲಿನ ಕಂಬಿಗಳ ನಡುವೆ ನೋಡಿದಳು. ಗೋಡೆಯ ಬುಡದ ತರಗೆಲೆಯ ರಾಶಿಯ ಮೇಲೆ ಹುಡುಗಿ ಕೂತಿದ್ದಳು. ಒಂದು ಕಾಲು ಬರಿಗಾಲು. ಕೆಂಪು ಶೂವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಮಲಗಿದ್ದ ಕರಡಿ ಏಳುವಂತೆ ಕಾಣದ್ದರಿಂದ ತಾನೇ ತರಲು ಇಳಿದಿದ್ದಳು. ಕಟ್ಟೆಯಾಚೆಯ ಹುಲ್ಲಂಚಿನ ಮೇಲೆ ತೆವಳುತ್ತ ಬಂದು ಜಾರಿ ಬಿದ್ದಿದ್ದಳು.

ಮರದಡಿ ಗೊಣಗಮ್ಮ ಎದ್ದು ನಿಂತಿದ್ದಳು.

ಮೇಲೆ ಗದ್ದಲ. ಕಟ್ಟೆ ಹತ್ತಿದ ತಾಯಿಯನ್ನು ಇಬ್ಬರು ತೋಳು ಹಿಡಿದು ಎಳೆಯುತ್ತಿದ್ದರು. ಕೂಸು ಯಾರದೋ ಕೈಯಲ್ಲಿ ಚೀರುತ್ತಿತ್ತು. ಯಾರೋ ಬಿಸ್ಕತ್ತಿನ ಪೊಟ್ಟಣ ಎಸೆದರು. ಅದು ಹುಡುಗಿಯ ಪಕ್ಕದಲ್ಲೇ ಬಿತ್ತು.

"ಎಸೀಬೇಡ್ರಪ್ಪಾ, ಕರಡೀನ ಅಲ್ಲಿಗೇ ಕರೀತೀರಲ್ಲ," ಎಂದಿತು ಭಾವನ ದನಿ. ಅವನು ಕಟ್ಟೆಯ ಮೇಲೆ ಮೊಣಕಾಲೂರಿ ಬಂದೂಕು ಏರಿಸಿದ್ದ.

"ಎಂಥಾ ತಾಯಿನಪ್ಪ. ಹೆತ್ತರೆ ಸಾಕಾ, ನೋಡ್ಕೋಬಾರ್ದಾ?" ಎಂದರು ಗುಂಪಿನಲ್ಲಿ ಯಾರೋ.

"ಫೋನ್ ನೋಡ್ತಾ ಇದ್ದಿರ್ಬೇಕು. ಇನ್ನೇನು."

ಹಾಗೆಂದವನ ಕೈಯಲ್ಲೂ ಫೋನಿತ್ತು. ಅವನು ಅದನ್ನು ಕೆಳಗೆ ಹಿಡಿದು ಚಿತ್ರ ತೆಗೆಯುತ್ತಿದ್ದ.

ಗೊಣಗಮ್ಮ ನಡೆಯತೊಡಗಿದಳು. ಕಿವಿ ನಿಮಿರಿತ್ತು, ತಲೆ ತಗ್ಗಿತ್ತು, ಅವಸರವಿಲ್ಲ. ಆ ನಡಿಗೆ ಕರಡಿಯಕ್ಕನಿಗೆ ಚೆನ್ನಾಗಿ ಗೊತ್ತು. ಕೋಪವಲ್ಲ ಅದು, ಹಸಿವೂ ಅಲ್ಲ. ಗೊಣಗಮ್ಮ ಕೆಲಸಕ್ಕೆ ಹೊರಟಿದ್ದಳು. ಮೇಲಿನಿಂದ ಏನೋ ಬಿದ್ದಿದೆ. ಅದನ್ನು ಕಚ್ಚಿ ತರಬೇಕು, ಕಿಂಡಿಯಲ್ಲಿ ತೂರಿಸಬೇಕು, ಮೊಟ್ಟೆ ತಿನ್ನಬೇಕು.

ಟೋಪಿಯಾದರೆ ಕಚ್ಚಿದರೆ ಏನಂತೆ. ಒಮ್ಮೆ ತಂದ ಚರ್ಮದ ಚೀಲದಲ್ಲಿ ಬೆರಳು ತೂರುವಷ್ಟು ತೂತುಗಳಿದ್ದವು. 

"ಇನ್ನೊಂಚೂರು ಹತ್ರ ಹೋದ್ರೆ ಹೊಡೀತೀನಿ," ಭಾವ ಕೂಗಿದ.

"ಭಾವ, ಗುರಿ ತಪ್ಪಿದ್ರೆ ಮಗೂಗೆ ಬೀಳುತ್ತೆ."

"ಗುರಿ ವಿಷ್ಯ ನಂಗೆ ಬಿಡು. ಅದನ್ನ ಆಚೆ ಕರಿ."

ಕರೆಯುವುದು ಹೇಗೆ? ದಿನವೂ ಡಬ್ಬ ಬಡಿದರೆ ಬರುತ್ತಿದ್ದಳು. ಆದರೆ ಊಟಕ್ಕೂ ಅದೇ ಡಬ್ಬ, ಬಿದ್ದದ್ದನ್ನು ತಾ ಎನ್ನಲೂ ಅದೇ ಡಬ್ಬ. ಈಗ ಬಡಿದರೆ ಬರಿಬಾಯಲ್ಲಿ ಬರುತ್ತಾಳೋ, ಮಗುವನ್ನು ಕಚ್ಚಿಕೊಂಡೇ ಬರುತ್ತಾಳೋ? ಎರಡಕ್ಕೂ ಬೇರೆ ಸದ್ದು ಕಲಿಸಬೇಕು ಎಂದು ತನಗೆ ಒಮ್ಮೆಯಾದರೂ ಹೊಳೆದಿರಲಿಲ್ಲವಲ್ಲ. ಅವಳು ಡಬ್ಬವನ್ನು ಸದ್ದಾಗದಂತೆ ನೆಲದ ಮೇಲಿಟ್ಟಳು. ಅದರೊಳಗೆ ಮೊಟ್ಟೆಗಳು ಒಂದಕ್ಕೊಂದು ತಾಗಿ ಉರುಳಿದವು.

ಅವಳು ಬಡಿಯಲಿಲ್ಲ. ಆದರೂ ಗೊಣಗಮ್ಮನಿಗೆ ಕೆಲಸ ಮರೆಯಲಿಲ್ಲ. ಹುಡುಗಿಯನ್ನು ಮೂಸಿ, ಬೆನ್ನಿನ ಬಟ್ಟೆಗೆ ಬಾಯಿ ಹಾಕಿ ಎತ್ತಿದಳು.

ಮೇಲಿನ ಗದ್ದಲ ನಿಂತುಹೋಯಿತು.  ಭಾವನ ಬಂದೂಕಿನ ನಳಿಗೆ ಒಮ್ಮೆ ಅಲುಗಿತು. ಈಗ ಹೊಡೆಯುವಂತಿರಲಿಲ್ಲ, ಕರಡಿ ಬೇರೆ, ಮಗು ಬೇರೆ ಎಂದು ಕಾಣುತ್ತಲೇ ಇರಲಿಲ್ಲ.

ಎಳೆಯುತ್ತ, ನಡುನಡುವೆ ಹಿಡಿತ ಬದಲಿಸುತ್ತ, ಗೊಣಗಮ್ಮ ಜಾರುಬಾಗಿಲ ಬಳಿಗೆ ಬಂದಳು. ಹುಡುಗಿಯ ಬರಿಗಾಲು ನೆಲದ ಮೇಲೆ ಗೀರೆಳೆಯುತ್ತಿತ್ತು. ಶೂ ದಾರಿಯಲ್ಲೇ ಬಿದ್ದುಹೋಗಿತ್ತು. ಗೊಣಗಮ್ಮ ಬಾಯಿಯ ಹೊರೆಯನ್ನು ಕಿಂಡಿಯ ಮುಂದಿಟ್ಟು, ಮೂತಿಯಿಂದ ಒಳಕ್ಕೆ ತಳ್ಳಿದಳು.

ಕಿಂಡಿ ಒಂದು ತಟ್ಟೆಯ ಅಗಲ. ಮಗುವಿನ ಕೈ ಒಳಗೆ ಬಂತು. ಭುಜ ತಡೆಯಿತು. ಗೊಣಗಮ್ಮ ಇನ್ನೊಮ್ಮೆ ತಳ್ಳಿದಳು, ಈ ಸಲ ಜೋರಾಗಿ. ಹುಡುಗಿ ನರಳಿದಳು. ಕರಡಿಯಕ್ಕ ಆ ಪುಟ್ಟ ಕೈಯನ್ನು ಹಿಡಿದುಕೊಂಡಳು. ಬೆವರಿಗೆ ತಣ್ಣಗಿತ್ತು.

"ನೋಯ್ತಿದೆ," ಎಂದಿತು ಮಗು.

"ಗೊತ್ತು ಕಂದ. ಸುಮ್ನೆ ಮಲ್ಕೊ. ಅಲ್ಲಾಡ್ಬೇಡ."

ಗೊಣಗಮ್ಮ ಗುರುಗುಟ್ಟಿದಳು. ತಂದಿದ್ದೇನಲ್ಲ, ತಗೊ, ಕೂಲಿ ಎಲ್ಲಿ ಎಂಬ ಗೊಣಗು. ಮುಂಗಾಲೆತ್ತಿ ಹುಡುಗಿಯ ಸೊಂಟದ ಮೇಲಿಟ್ಟಳು. ಇನ್ನು ಉಗುರಿನಿಂದ ತುರುಕುತ್ತಾಳೆ. ಮೊಟ್ಟೆ ಕೊಟ್ಟರೆ ಇಲ್ಲೇ, ಮಗುವಿನ ಮೇಲೇ ನಿಂತು ತಿನ್ನುತ್ತಾಳೆ. ಇವಳನ್ನು ಇಲ್ಲಿಂದ ಕದಲಿಸಬೇಕಾದರೆ ಇನ್ನೊಂದು ಕೆಲಸವನ್ನೇ ಕೊಡಬೇಕು.

ಕರಡಿಯಕ್ಕ ತನ್ನ ಕಾಲಿನ ದಪ್ಪ ಬೂಟನ್ನು ಕಿತ್ತು, ಕಂಬಿಗಳ ನಡುವೆ ತೋಳು ತೂರಿಸಿ ಶಕ್ತಿಯಿದ್ದಷ್ಟು ದೂರ ಬೀಸಿ ಎಸೆದಳು. ಅದು ಮರದ ಬುಡಕ್ಕೆ ಬಡಿದು ಬಿತ್ತು. ಆಮೇಲೆ ಡಬ್ಬ ಎತ್ತಿ ಬಡಿದಳು.

"ಹೋಗೇ ಗೊಣಗಮ್ಮ. ತಗೊಂಬಾ. ಅದನ್ನ ತಗೊಂಬಾ."

ಗೊಣಗಮ್ಮ ಬೂಟಿನತ್ತ ನೋಡಿದಳು. ಕಿಂಡಿಯಲ್ಲಿ ಸಿಕ್ಕಿಕೊಂಡದ್ದನ್ನು ನೋಡಿದಳು. ಕಾಲು ಇನ್ನೂ ಮಗುವಿನ ಮೇಲಿತ್ತು. ಕರಡಿಯಕ್ಕ ಮತ್ತೆ ಬಡಿದಳು.  ಕೊನೆಗೆ ಗೊಣಗಮ್ಮ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಈ ಕೆಲಸಗೇಡಿ ಯಜಮಾನಿಯ ಸಹವಾಸವೇ ಸಾಕು ಎಂಬಂತೆ, ಬೂಟಿನ ಕಡೆಗೆ ತಿರುಗಿದಳು.

"ಭಾವ, ಹೊಡೀಬೇಡಿ. ಬಾಗಿಲು ಎತ್ತುತೀನಿ."

"ಹುಚ್ಚಾ ನಿಂಗೆ? ಆಮೇಲೆ ನಿಂಗೂ ಅದಕ್ಕೂ ನಡುವೆ ಏನಿರುತ್ತೆ?"

ಕರಡಿಯಕ್ಕ ಮಗುವಿನ ಕೈಯನ್ನು ಕಿಂಡಿಯಿಂದ ಮೆಲ್ಲಗೆ ಬಿಡಿಸಿ, ಬಾಗಿಲೆತ್ತುವ ಹಿಡಿಕೆ ತಿರುಗಿಸಿದಳು. ಸರಪಳಿ ಕಿರುಗುಟ್ಟಿತು. ಅಲ್ಲಿ ಗೊಣಗಮ್ಮ ಬೂಟು ಕಚ್ಚಿ ತಿರುಗಿದಳು. ಬಾಗಿಲು ಮೊಣಕಾಲೆತ್ತರ ಏರಿತು. ಕರಡಿಯಕ್ಕ ಬೋರಲು ಬಿದ್ದು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮಗುವಿನ ತೋಳು ಹಿಡಿದು ಎಳೆದಳು. ತಲೆ ಬಂತು, ಸೊಂಟ ಬಂತು. ಗೊಣಗಮ್ಮನ ಬಿಸಿಯುಸಿರು ಮುಖಕ್ಕೆ ಬಡಿಯುವಷ್ಟರಲ್ಲಿ ಕಾಲೂ ಬಂತು. ಹಿಡಿಕೆ ಬಿಟ್ಟಳು. ಬಾಗಿಲು ದಡಾರನೆ ಇಳಿಯಿತು.

ಆಚೆಯಿಂದ ಗೊಣಗಮ್ಮ ಬೂಟನ್ನು ಕಿಂಡಿಯಲ್ಲಿ ತೂರಿಸಿ, ಕೂತು, ಕಾದಳು.

ಮಗುವನ್ನು ಎದೆಗವುಚಿಕೊಂಡೇ ಕರಡಿಯಕ್ಕ ಹೇಗೋ ಡಬ್ಬಕ್ಕೆ ಕೈ ಹಾಕಿ ಒಂದು ಮೊಟ್ಟೆಯನ್ನು ಕಿಂಡಿಯಾಚೆ ಉರುಳಿಸಿದಳು.

ಮಗುವನ್ನು ಮೃಗಾಲಯದ ಪಶುವೈದ್ಯರೇ ಮೊದಲು ನೋಡಿದರು. ಆಮೇಲೆ ಮಕ್ಕಳ ವೈದ್ಯರೂ ಬಂದರು. ಭುಜ ಊದಿತ್ತು, ಬೆನ್ನ ಮೇಲೆ ಎರಡು ಗಾಯ, ಮೊಣಕಾಲು ತರಚಿತ್ತು. ಮೂಳೆ ಮುರಿದಿರಲಿಲ್ಲ. ಮೇಲ್ವಿಚಾರಕರ ಕೋಣೆಯಲ್ಲಿ ತಾಯಿ ಎರಡೂ ಮಕ್ಕಳನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದಳು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಮೇಲ್ವಿಚಾರಕರು ಕರಡಿಯಕ್ಕನನ್ನು ಕಿಟಕಿಯ ಬಳಿಗೆ ಕರೆದು ದನಿ ತಗ್ಗಿಸಿದರು.

"ಫಲಕ ಇದೆ. ಕಟ್ಟೆ ಮೇಲೆ ಕೂರಿಸಿದ್ದು ತಾಯಿ. ನಾವು ಅಷ್ಟೇ ಹೇಳೋಣ. ಕರಡಿಗೆ ಹೀಗೆ ಕಲಿಸಿದ್ವಿ ಅಂತ ಹೊರಗೆ ಹೋದ್ರೆ ನಿನ್ನ ಕೆಲಸ ಉಳಿಯಲ್ಲ. ಗೊಣಗಮ್ಮನ್ನ ಎಲ್ಲಿಗೆ ಸಾಗಿಸ್ತಾರೋ ಅದೂ ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಭಾವ, ಒಪ್ಪಿಕೊ ಎಂಬಂತೆ ಕಣ್ಣಲ್ಲೇ ಹೇಳಿದ. ಕರಡಿಯಕ್ಕನಿಗೆ ಮನೆಯ ಬಾಡಿಗೆ ನೆನಪಾಯಿತು. ಕಿಂಡಿಯ ಮುಂದೆ ಕೂತ ಗೊಣಗಮ್ಮನ ಮೂತಿ ನೆನಪಾಯಿತು. ಒಪ್ಪಿಕೊಂಡರೆ ಯಾರಿಗೇನು ನಷ್ಟ ಎಂದೂ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ತಾಯಿ ತಾನಾಗಿಯೇ ಮಾತಾಡಿದಳು.

"ತಪ್ಪು ನಂದೇ. ಬಾಟಲಿ ಚೀಲದ ತಳದಲ್ಲಿತ್ತು. ಬಗ್ಗಿ ಹುಡುಕಿದೆ. ಎದ್ದು ನೋಡಿದ್ರೆ ಇವಳಿಲ್ಲ."

ಮುಂದೆ ಎಷ್ಟು ಜನ ಇವಳಿಗೆ ಇದನ್ನೇ ಹೇಳುತ್ತಾರೆ? ಅತ್ತೆ ಹೇಳುತ್ತಾಳೆ, ಗಂಡ ಹೇಳುತ್ತಾನೆ, ನೆರೆಹೊರೆ ಹೇಳುತ್ತದೆ. ಎಲ್ಲರಿಗಿಂತ ಮೊದಲು ಇವಳೇ ಹೇಳಿಕೊಳ್ಳುತ್ತಿದ್ದಾಳೆ.

"ಇಲ್ಲ ಸರ್," ಎಂದಳು ಕರಡಿಯಕ್ಕ, ಎಲ್ಲರಿಗೂ ಕೇಳುವಂತೆ. "ಇವರೊಬ್ಬರ ತಲೆ ಮೇಲೇ ಗೂಬೆ ಕೂರಿಸ್ಬೇಡಿ. ಮಗು ಕಟ್ಟೆ ಮೇಲಿದ್ದದ್ದು ನಾನೂ ನೋಡ್ದೆ, ಇಳಿಸಿ ಅನ್ನಲಿಲ್ಲ. ಇಲ್ಲೇ ಇರಿ ಅಂದು ಮಾತಾಡ್ತಾ ನಿಂತೆ. ಕರಡಿ ತನ್ನ ಕೆಲಸ ಮಾಡ್ತು, ಅಷ್ಟೇ. ಬಿದ್ದದ್ದನ್ನೆಲ್ಲ ತಾ ಅಂತ ಕಲಿಸಿದ್ದು ನಾನು. ಯಾವುದನ್ನ ತರಬಾರ್ದು ಅಂತ ಕಲಿಸ್ಲೇ ಇಲ್ಲ."

ಭಾವ ಹಣೆ ಚಚ್ಚಿಕೊಂಡ. ಮೇಲ್ವಿಚಾರಕರು ಮೇಜಿನ ಮೇಲಿದ್ದ ತಮ್ಮ ಟೋಪಿಯನ್ನು ಎತ್ತಿಕೊಂಡು, ಅದರ ಅಂಚಿನಲ್ಲಿದ್ದ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದರು.

"ವಿಚಾರಣೆ ಆಗುತ್ತೆ," ಎಂದರು ಕೊನೆಗೆ. "ನನ್ನದೂ ಸೇರಿ. ನಾಳೆಯಿಂದ ನೀನು ಮನೇಲಿರು, ಹೇಳಿ ಕಳಿಸೋವರೆಗೆ."

"ನನ್ನ ಶೂ?" ಎಂದಿತು ಮಗು.

ಎಲ್ಲರೂ ಅತ್ತ ತಿರುಗಿದರು. "ಬೇಡ ಪುಟ್ಟಿ, ಬೇರೆ ಕೊಡಿಸ್ತೀನಿ," ಎಂದಳು ತಾಯಿ.

"ಇರಿ, ತಂದ್ಕೊಡ್ತೀವಿ," ಎಂದಳು ಕರಡಿಯಕ್ಕ. ಆ ಮಾತು ಬಾಯಿಂದ ಬಿದ್ದೊಡನೆ ಅವಳಿಗೇ ಬೆಚ್ಚಿದಂತಾಯಿತು. "ಆದ್ರೆ ತಡ ಆಗುತ್ತೆ. ಮಗು ಕೈ ಬಿಡ್ಬೇಡಿ."

ಶೂ ಆವರಣದ ನಡುವೆಯೇ ಬಿದ್ದಿತ್ತು. ಡಬ್ಬ ಒಮ್ಮೆ ಬಡಿದಿದ್ದರೆ ಸಾಕಿತ್ತು. ಅವಳು ಬಡಿಯಲಿಲ್ಲ. ಜಾರುಬಾಗಿಲು ಪೂರ್ತಿ ಎತ್ತಿ, ಒಳಗೂಡಿನ ಮೂಲೆಯಲ್ಲಿ ಊಟದ ತಟ್ಟೆ ಇಟ್ಟು, ಹೊರಗಿನ ಕಂಬಿಯ ಆಚೆ ಭಾವನ ಪಕ್ಕ ನಿಂತಳು. ಗೊಣಗಮ್ಮ ಹೊಸ್ತಿಲಿಗೆ ಬಂದಳು, ಮೂಸಿದಳು, ಹಿಂದಕ್ಕೆ ಹೋಗಿ ಬೆನ್ನು ಕೆರೆದುಕೊಂಡಳು. ಮತ್ತೆ ಬಂದಳು. ಮತ್ತೆ ಹೋದಳು.

"ನಿನ್ನ ಕೂಲಿಯಾಳು ಇವತ್ತು ಧರಣಿ ಕೂತಿದ್ದಾಳೆ," ಎಂದ ಭಾವ. 

"ಕೂತ್ಕೊಳ್ಲಿ ಭಾವ."

ನೆರಳು ಉದ್ದವಾದ ಮೇಲೆ ಗೊಣಗಮ್ಮ ಒಳಗೆ ಬಂದಳು. ಬಾಗಿಲು ಇಳಿಯಿತು. ಕರಡಿಯಕ್ಕ ಒಂದು ಬೀಗ ಹಾಕಿದಳು, ಭಾವ ಇನ್ನೊಂದು ಹಾಕಿದ. ಒಬ್ಬರ ಬೀಗವನ್ನು ಇನ್ನೊಬ್ಬರು ಜಗ್ಗಿ ನೋಡಿದರು. ಇಬ್ಬರೂ ಒಟ್ಟಿಗೆ ಇಳಿದು, ಒಟ್ಟಿಗೆ ನಡೆದು, ಕೆಂಪು ಶೂ ಎತ್ತಿಕೊಂಡು ಬಂದರು.

ಒಳಗೂಡಿನಲ್ಲಿ ಗೊಣಗಮ್ಮ ಕಂಬಿಗೆ ಮೂತಿ ಒತ್ತಿ ಕರಡಿಯಕ್ಕನ ಕೈಯ ಶೂವನ್ನೇ ನೋಡುತ್ತಿದ್ದಳು. ತನ್ನ ಕೆಲಸವನ್ನು ಇನ್ಯಾರೋ ಮಾಡಿದರಲ್ಲ ಎಂದು ಗೊಣಗುತ್ತಿದ್ದಳು. ಡಬ್ಬದಲ್ಲಿ ಇನ್ನೂ ಮೊಟ್ಟೆಗಳಿದ್ದವು. ಕರಡಿಯಕ್ಕನ ಕೈ ಅತ್ತ ಹೋಗಿ, ಅರ್ಧದಲ್ಲಿ ನಿಂತು, ಹಿಂದಕ್ಕೆ ಬಂತು. ಅವಳು ಶೂವಿಗಂಟಿದ ಮಣ್ಣನ್ನು ಸೆರಗಿನಿಂದ ಒರೆಸುತ್ತ ತಾಯಿ ಮಗು ಕೂತಿದ್ದ ಕೋಣೆಯ ಕಡೆಗೆ ಹೊರಟಳು.