ಎರಡು ಕ್ಯಾಮೆರಾ, ಒಂದೇ ವಿಳಾಸ

ಆಸ್ಪತ್ರೆಯ ಕೆಲಸ ಮುಗಿಸಿ ನರ್ಸ್ ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಜಾರಿ ಬಿದ್ದು ಒಂದು ಗಂಟೆಯಾಗಿತ್ತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಅತ್ತೆಯ ಮೇಲೆ ಕಣ್ಣಿಡಲೆಂದು ಹಜಾರಕ್ಕೊಂದು, ಅಡುಗೆಮನೆಗೊಂದು ಕ್ಯಾಮೆರಾ ಹಾಕಿದ್ದರೂ ಆ ಹೊತ್ತೆಲ್ಲ ಅವಳ ಮೊಬೈಲಿನಲ್ಲಿ ಅಡುಗೆಮನೆ ಕಪ್ಪಗಿತ್ತು.

ತಿಂಗಳಿಂದ ಇದೇ ಪಾಡು. ಹಜಾರ ಕಂಡರೆ ಅಡುಗೆಮನೆ ಕಾಣದು, ಅಡುಗೆಮನೆ ಕಂಡರೆ ಹಜಾರ ಮಾಯ. ಕ್ಯಾಮೆರಾದ ಪ್ಲಗ್ ಕಿತ್ತು ಹಾಕಿ, ಕಿತ್ತು ಹಾಕಿ ಅವಳು ಹೈರಾಣಾಗಿದ್ದಳು.

ಸಂಜೆ ಅಂಗಡಿಯಿಂದ ಬಂದ ದರ್ಜಿ ಗಂಡ ಸಿಡಿದ. "ಈ ಡಬ್ಬಾ ನಂಬ್ಕೊಂಡ್ರೆ ಆಗಲ್ಲ. ನೀನು ಕೆಲಸ ಬಿಟ್ಬಿಡು."

ಅವಳಿಗೆ ಅಳು ಬಂತು, ಅಳಲೂ ತ್ರಾಣವಿರಲಿಲ್ಲ. ಕೊನೆಯದಾಗಿ ನೋಡೋಣವೆಂದು ಎದುರುಮನೆಯ ಕೇಬಲ್ ಅಕ್ಕನನ್ನು ಕರೆದಳು. ಇಂಟರ್ನೆಟ್ ರಿಪೇರಿಯೇ ಆಕೆಯ ಕಸುಬು.

ಅಕ್ಕ ಎರಡೂ ಕ್ಯಾಮೆರಾಗಳ ಸೆಟ್ಟಿಂಗ್ ತೆರೆದು ನೋಡಿದಳು. "ಎರಡಕ್ಕೂ ಒಂದೇ ಐಪಿ ವಿಳಾಸ ಹಾಕಿದ್ಯಾರು?"

"ನಾನೇ," ಅಂದ ದರ್ಜಿ. "ಎರಡೂ ಒಂದೇ ಮನೇಲಿ ತಾನೇ ಇರೋದು? ಬೇರೆ ಬೇರೆ ವಿಳಾಸ ಯಾಕೆ?"

"ಅಣ್ಣಾ, ಎರಡು ಪ್ಯಾಂಟಿಗೆ ಒಂದೇ ನಂಬರಿನ ಚೀಟಿ ಹಾಕಿದ್ರೆ?"

"ಒಬ್ಬರದು ಇನ್ನೊಬ್ಬರ ಪಾಲಾಗುತ್ತೆ. ಬೈಗುಳ ನನಗೆ."

"ಇಲ್ಲೂ ಅಷ್ಟೇ. ಒಂದು ಕ್ಯಾಮೆರಾದ ಜಾಗಾನ ಇನ್ನೊಂದು ಕಿತ್ಕೊಳ್ಳುತ್ತೆ. ಬೈಗುಳ ಮಾತ್ರ ಕ್ಯಾಮೆರಾಗೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಅಂದರು ಅತ್ತೆ, ಸೊಂಟ ಹಿಡಿದುಕೊಂಡೇ.

ಅಕ್ಕ ಮನೆಗೆ ಇಂಟರ್ನೆಟ್ ಹಂಚುವ ರೂಟರಿನ ಪಟ್ಟಿಯಲ್ಲಿ ಯಾರೂ ಬಳಸದ ವಿಳಾಸ ಹುಡುಕಿ ಅಡುಗೆಮನೆಯ ಕ್ಯಾಮೆರಾಗೆ ಕೊಟ್ಟಳು. ಬೇರೆ ಫೋನು ಬಂದು ಆ ಜಾಗ ಹಿಡಿಯದಂತೆ ಎರಡೂ ವಿಳಾಸಗಳನ್ನು ರೂಟರಿನಲ್ಲಿ ಕಾಯ್ದಿರಿಸಿದಳು. ಕ್ಯಾಮೆರಾಗಳ ಜೊತೆ ಬಂದಿದ್ದ ಹಳೆಯ ಪಾಸ್‌ವರ್ಡ್ ಅನ್ನೂ ಬದಲಿಸಿದಳು. "ಇಲ್ಲಾಂದ್ರೆ ಕಂಡೋರೆಲ್ಲ ನಿಮ್ಮ ಅಡುಗೆಮನೆ ನೋಡ್ತಾರೆ."

"ನಾಳೆ ಮತ್ತೆ ಚಿತ್ರ ಹೋದ್ರೆ?" ದರ್ಜಿಗೆ ಇನ್ನೂ ಅನುಮಾನ.

ಅಕ್ಕ ರೂಟರ್ ಆರಿಸಿ ಮತ್ತೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಎರಡು ಕೋಣೆಗಳೂ ಒಟ್ಟಿಗೆ ಕಂಡವು. ದರ್ಜಿ ಎರಡು ಬಟ್ಟೆಚೀಟಿಗಳ ಮೇಲೆ ಎರಡು ವಿಳಾಸ ಬರೆದು ಒಂದೊಂದು ಕ್ಯಾಮೆರಾಗೆ ಕಟ್ಟಿದ. ಆಮೇಲೆ ಹೆಂಡತಿಗೆ, "ನಾಳೆ ಡ್ಯೂಟಿಗೆ ಹೋಗು. ತಪ್ಪು ನಂದೇ," ಅಂದ.

ಮರುದಿನ ಆಸ್ಪತ್ರೆಯಲ್ಲಿ ಅವಳು ಮೊಬೈಲ್ ತೆರೆದಳು. ಅಡುಗೆಮನೆಯಲ್ಲಿ ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದರು. ತಿಂಗಳಲ್ಲಿ ಮೊದಲ ಸಲ ಅವಳು ಕೂತು ಊಟ ಮಾಡಿದಳು.

ನಿಮ್ಮ ಮನೆಯ ಕ್ಯಾಮೆರಾವೂ ಹೀಗೆ ಕಣ್ಣಾಮುಚ್ಚಾಲೆ ಆಡುತ್ತಿದೆಯೇ? ಅದನ್ನು ಬಿಸಾಡುವ ಮೊದಲು, ಮನೆಯ ಹೆಣ್ಣುಮಗಳಿಗೆ ಕೆಲಸ ಬಿಡು ಅನ್ನುವ ಮೊದಲು, ವಿಳಾಸ ನೋಡಿ. ಒಂದೊಂದಕ್ಕೂ ಅದರದೇ ವಿಳಾಸವಿರಲಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ. ಇವತ್ತೇ ಕೇಳಿ, ಬಿದ್ದವರು ಒಂದು ಗಂಟೆ ಕಾಯುವಂತಾಗಬಾರದು.